ಬೆಜವಾಡದ ಇಂದ್ರಕೀಲಾದ್ರಿ

ಕಾನಾನ್ ನಾಡಿನ ಶೆಕೆಮ್ ನಗರವು ಏಬಾಲ್, ಗೆರಿಜೀಮ್ ಎಂಬ ಎರಡು ಗಿರಿಗಳ ನಡುವೆ ಇದ್ದಿತು. ಅಲ್ಲಿ ಅಬ್ರಹಾಮನು ಬಲಿಪೀಠವನ್ನು ಕಟ್ಟಿದನೆಂದು ಬೈಬಲ್ ಹೇಳುತ್ತದೆ. ಇಸ್ರೇಲರಿಗಿಂತ ಮುಂಚೆಯೇ ಕಾನಾನ್ಯರ ದೇಗುಲವೊಂದು ಅಲ್ಲಿದ್ದುದನ್ನು ಉತ್ಖನನಗಳು ತೋರಿಸಿವೆ. ಆರಾಧಕರು ಬದಲಾದರೂ ನೆಲದ ಪಾವಿತ್ರ್ಯವು ಅಳಿಯಲಿಲ್ಲ. ಕೃಷ್ಣಾತೀರದ ಬೆಜವಾಡದ, ಎಂದರೆ ಇಂದಿನ ವಿಜಯವಾಡದ, ಚರಿತ್ರೆಯೂ ಈ ಬಗೆಯದೇ.

ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇಲ್ಲಿಯ ಇಂದ್ರಕೀಲಾದ್ರಿಯಲ್ಲಿ ಎಂಬುದು ಸ್ಥಳಪುರಾಣ. ವ್ಯಾಸಭಾರತವಾದರೋ ಅವನನ್ನು ಹಿಮವಂತದ ಕಡೆಗೆ ಕಳುಹಿಸುತ್ತದೆ. ಭೂಗೋಳದ ಈ ತಕರಾರಿಗೆ ಭಕ್ತಿಯು ಕಿವಿಗೊಟ್ಟುದೇ ಇಲ್ಲ; ಕನಕದುರ್ಗೆಯ ಬೆಟ್ಟವೇ ಜನರಿಗೆ ಇಂದ್ರಕೀಲ.

ಹತ್ತನೆಯ ಶತಮಾನದ ಪೂರ್ವಚಾಲುಕ್ಯ ಯುದ್ಧಮಲ್ಲನ ಶಾಸನವು ಈ ಊರಿನ ಅಮೂಲ್ಯ ದಾಖಲೆ. ಕುಮಾರಸ್ವಾಮಿಯ ಗುಡಿ, ಮಠಗಳನ್ನು ಹೇಳುವ ಆ ತೆಲುಗು ಪದ್ಯಗಳು ಗೊರಗರಲ್ಲದವರು ಅಲ್ಲಿ ಬೀಡುಬಿಡಬಾರದೆಂದು ವಿಧಿಸುತ್ತವೆ. ಗೊರಗರೆಂದರೆ ಕನ್ನಡ ಶಾಸನಗಳ ಗೊರವರು, ಶೈವ ತಪಸ್ವಿಗಳು. ಅನ್ಯರು ಬಾರದೆ ಇದ್ದಿದ್ದರೆ ಇಂತಹ ನಿಷೇಧದ ಅವಶ್ಯಕತೆಯೇ ಇರುತ್ತಿರಲಿಲ್ಲ. ಪದ್ಯಗಳ ಛಂದಸ್ಸು ಮಧ್ಯಾಕ್ಕರ. ಅಕ್ಕರಜಾತಿಯು ಕನ್ನಡ ತೆಲುಗುಗಳೆರಡಕ್ಕೂ ಸಮಾನವಾದ ಸೊತ್ತು.

ಆ ಅಕ್ಕರಗಳನ್ನು ಬಳಸಿದ ಪಂಪನ ಪೂರ್ವಿಕರೂ ಇದೇ ವೆಂಗಿಮಂಡಲದವರು. ಸೋಮಯಾಜಿಗಳ ಆ ವಂಶವು ಅವನ ತಂದೆಯ ಕಾಲಕ್ಕೆ ಜಿನಧರ್ಮವನ್ನು ಅಂಗೀಕರಿಸಿತು. ಆದರೂ ಸುಮಾರು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸುವಾಗ, ಇಂದ್ರಕೀಲದಲ್ಲಿ ಅರ್ಜುನನು ಕಿರಾತರೂಪಿ ಶಿವನೊಡನೆ ಹೋರಿದ ಕಥೆಯನ್ನು ಜೈನನಾದ ಪಂಪನು ಬಿಟ್ಟುಕೊಡಲಿಲ್ಲ.