ಕಿಲ್ಲಾರಿ ಒಂದು ವರ್ಷ ಮೊದಲೇ ಹೆದರಿತ್ತು

2021ರ ಅಕ್ಟೋಬರ್ 11. ರಾತ್ರಿ ಹತ್ತಾಗೋಕೆ ಇನ್ನು ಕೆಲವೇ ನಿಮಿಷ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತಮುತ್ತ ಭೂಮಿ ನಡುಗಿತು. ತೀವ್ರತೆ 4.1. ಜನ ಮನೆ ಬಿಟ್ಟು ಹೊರಗೆ ಓಡಿದರು, ಬಯಲಲ್ಲೇ ಮಲಗಿದರು. ಎಷ್ಟೋ ಕುಟುಂಬಗಳು ಮಕ್ಕಳು-ಮರಿ ಕಟ್ಟಿಕೊಂಡು ನೆಂಟರ ಊರಿಗೆ ಹೊರಟುಬಿಟ್ಟವು.

ಆ ಸುದ್ದಿ ಓದಿದವರಲ್ಲಿ ನಾನೂ ಒಬ್ಬ. ಸುಳ್ಳು ಯಾಕೆ ಹೇಳಲಿ? ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತ ನನಗೆ ಮೊದಲು ಅನ್ನಿಸಿದ್ದು, ‘ಇಷ್ಟು ಸಣ್ಣ ಕಂಪನಕ್ಕೆ ಇಷ್ಟೊಂದು ಗಾಬರಿಯಾ?’ ಅಂತ. ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಆ ಭಾಗದ ಹಿರಿಯರ ನೆನಪಿನಲ್ಲಿ ಒಂದು ಊರಿದೆ. ಗಡಿಯಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ.

1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು, ದಣಿದು ಬಂದು ಜನ ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷ. ಭೂಮಿ ನಡುಗಿದ್ದು ಕೆಲವೇ ಸೆಕೆಂಡು. ಸತ್ತವರು ಹತ್ತು ಸಾವಿರದ ಹತ್ತಿರ. ಬೀದರ್, ಕಲಬುರಗಿಯವರೂ ಆ ನಸುಕಿನಲ್ಲಿ ಬೆಚ್ಚಿ ಎದ್ದು ಹೊರಗೆ ಬಂದಿದ್ದರು.

ಕಿಲ್ಲಾರಿ ಅಂದರೆ ಎಲ್ಲರೂ ಹೇಳೋದು ಒಂದೇ ಮಾತು: ಅದು ಅನಿರೀಕ್ಷಿತ ಭೂಕಂಪ. ದಖ್ಖನ್ ಪ್ರಸ್ಥಭೂಮಿ ಗಟ್ಟಿ ನೆಲ, ಇಲ್ಲಿ ಭೂಕಂಪ ಆಗೋದಿಲ್ಲ ಅಂತ ನಂಬಿದ್ದೆವು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಇದ್ದದ್ದು 1ನೇ ವಲಯದಲ್ಲಿ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ವಲಯದಲ್ಲಿ.

ಆದರೆ ಯಾರಿಗೆ ಅನಿರೀಕ್ಷಿತ? ನಕ್ಷೆಗೆ. ಊರಿನವರಿಗಲ್ಲ! ಸುಮಾರು ಒಂದು ವರ್ಷದ ಹಿಂದೆ, 1992ರ ಅಕ್ಟೋಬರ್‌ನಲ್ಲಿ, ಅದೇ ಕಿಲ್ಲಾರಿಯಲ್ಲಿ ಸಾಲು ಸಾಲು ಸಣ್ಣ ಕಂಪನಗಳಾಗಿದ್ದವು. ಜನ ಹೆದರಿದ್ದರು. ದಿನ ಕಳೆದಂತೆ ನೆಲ ಸುಮ್ಮನಾಯಿತು, ಊರು ಮತ್ತೆ ಅದೇ ಗೋಡೆಗಳ ನಡುವೆ ಮಲಗಿತು.

ಆ ಗೋಡೆಗಳಲ್ಲೇ ಇದ್ದದ್ದು ಸಾವು. ಎರಡಡಿಗೂ ದಪ್ಪ ಗೋಡೆ, ಉರುಟು ಕಲ್ಲು, ಕಲ್ಲು ಹಿಡಿದಿಡೋಕೆ ಬರೀ ಮಣ್ಣು. ಮೇಲೆ ಮರದ ತೊಲೆ, ಅದರ ಮೇಲೆ ಬಿಸಿಲು ತಡೆಯಲಿ ಅಂತ ವರ್ಷ ವರ್ಷ ಹಾಕಿದ ಮಣ್ಣಿನ ಭಾರ. ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೆಕೆಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ನೆಲ ಅಡ್ಡಡ್ಡ ಅಲುಗಾಡಿದರೆ ಕಲ್ಲು ಕಳಚುತ್ತೆ, ಮಾಳಿಗೆ ಮೈಮೇಲೆ ಬೀಳುತ್ತೆ. ಕಲ್ಲಿನ ಮನೆ ಕಟ್ಟಿಸಿದ ಅನುಕೂಲಸ್ಥ ಮಣ್ಣಡಿ ಹೋದ, ಗುಡಿಸಲಲ್ಲಿ ಮಲಗಿದ್ದ ಬಡವ ಎದ್ದು ಬಂದ. ಎಂಥ ವಿಪರ್ಯಾಸ ನೋಡಿ.

ಒಂದು ಹೋಲಿಕೆ ಕೊಡ್ತೀನಿ. 1991ರ ಅಕ್ಟೋಬರ್‌ನಲ್ಲಿ ಉತ್ತರಕಾಶಿಯಲ್ಲಿ 6.8 ತೀವ್ರತೆಯ ಭೂಕಂಪವಾಯಿತು. ಸತ್ತವರು ಸಾವಿರದೊಳಗೆ. ಕಿಲ್ಲಾರಿಯದು 6.2, ಅದಕ್ಕಿಂತ ಚಿಕ್ಕದು. ಗುಡ್ಡಗಾಡಿನಲ್ಲಿ ಜನ ವಿರಳ, ಒಪ್ಪಿದೆ. ಕಿಲ್ಲಾರಿಯ ಕಂಪನ ಹುಟ್ಟಿದ್ದು ನೆಲದಿಂದ ಬಹಳ ಆಳದಲ್ಲಲ್ಲ, ಅದೂ ಒಪ್ಪಿದೆ. ಆದರೂ ಇಷ್ಟೊಂದು ಹೆಣ ಬಿದ್ದದ್ದರಲ್ಲಿ ಮನೆಗಳ ಪಾಲು ಎಷ್ಟು ದೊಡ್ಡದು, ಯೋಚನೆ ಮಾಡಿ.

ಆಮೇಲೆ ಎಲ್ಲವೂ ಬಂತು. ಸೇನೆ ಬಂತು, ದೇಶ-ವಿದೇಶದ ನೆರವು ಬಂತು, ವಿಶ್ವಬ್ಯಾಂಕ್ ಸಾಲ ಬಂತು. ನೆಲಸಮವಾದ ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. 2002ರಲ್ಲಿ ನಕ್ಷೆಯೂ ಬದಲಾಯಿತು: 1ನೇ ವಲಯ ಅನ್ನೋದನ್ನೇ ತೆಗೆದು ಹಾಕಿದರು, ಲಾತೂರು ಭಾಗ 3ನೇ ವಲಯಕ್ಕೆ ಸೇರಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತ ಮೇಲೆ ಒಂದು ನಕ್ಷೆಯ ಬಣ್ಣ ಬದಲಾಯಿತು.

ಈಗ ಮತ್ತೆ ಗಡಿಕೇಶ್ವರಕ್ಕೆ ಬನ್ನಿ. ಸಣ್ಣ ಕಂಪನ ಆದಲ್ಲೆಲ್ಲ ದೊಡ್ಡದು ಬರುತ್ತೆ ಅಂತ ನಾನು ಹೇಳ್ತಿಲ್ಲ. ಅದನ್ನು ಯಾವ ವಿಜ್ಞಾನಿಯೂ ಮುಂಚಿತವಾಗಿ ಹೇಳಲಾರ. ಮಳೆಗಾಲದ ನೀರು ಬಂಡೆಯ ಬಿರುಕಿಗೆ ಇಳಿದಾಗ ಇಂಥ ಸಣ್ಣ ಕಂಪನ ಆಗುವುದುಂಟು, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಹಾಗಂತ ‘ಹೆದರಬೇಡಿ’ ಅಂದು ಎದ್ದು ಬಂದರೆ ಅದು ಸಮಾಧಾನವೇ ಹೊರತು ರಕ್ಷಣೆ ಅಲ್ಲ.

‘ಭೂಕಂಪ ಯಾವಾಗ?’ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ‘ನನ್ನ ಗೋಡೆ ತಡೆಯುತ್ತಾ?’ ಅನ್ನೋ ಪ್ರಶ್ನೆಗೆ ಇದೆ. ಮಾಳಿಗೆಯ ಮಣ್ಣಿನ ಭಾರ ಇಳಿಸೋದು, ಗೋಡೆಯ ಎರಡೂ ಮೈ ಹಿಡಿದಿಡುವಂಥ ಉದ್ದ ಕಲ್ಲು ಸೇರಿಸೋದು, ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಒಂದು ಕಾಂಕ್ರೀಟ್ ಪಟ್ಟಿ ಕಟ್ಟೋದು. ಇದಕ್ಕೆ ರಾಕೆಟ್ ವಿಜ್ಞಾನ ಬೇಡ. ಊರಿನ ಗೌಂಡಿಗೆ ಕಲಿಸಬಹುದು, ಪಂಚಾಯಿತಿ ಮನಸ್ಸು ಮಾಡಬಹುದು.

ಆವತ್ತು ಬಯಲಲ್ಲಿ ಮಲಗಿದ ಗಡಿಕೇಶ್ವರದ ತಾಯಂದಿರು ಹುಚ್ಚರಲ್ಲ. ತಮ್ಮ ಮಾಳಿಗೆ ಎಷ್ಟು ಭಾರ ಅಂತ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಸ್ಟುಡಿಯೋದಲ್ಲಿ ಕೂತಿದ್ದ ನನಗೆ. ಕಿಲ್ಲಾರಿಗೆ ಸಿಕ್ಕಿದ್ದು ಒಂದೇ ಒಂದು ವರ್ಷ. ನಮಗೆ ಎಷ್ಟು ಸಿಕ್ಕಿದೆಯೋ, ಯಾರಿಗೆ ಗೊತ್ತು?