ಮೈಸೂರಿನ ಊಳಿಗದಲ್ಲಿ ಪರದೇಶೀ ದಳಪತಿಗಳು

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ಪೊಳ್ಳಿಲೂರಿನ ಯುದ್ಧವನ್ನು ಬಿಡಿಸಿದ ಗೋಡೆಚಿತ್ರದಲ್ಲಿ ದುರ್ಬೀನು ಹಿಡಿದಿರುವ ಫ್ರೆಂಚ್ ದಳಪತಿಯನ್ನು ತೋರಿಸಿ, ವಾಂಡಿವಾಷಿನಲ್ಲಿ ಸೋತ ಕೌಂಟ್ ಲಾಲಿ ಈತನೇ ಎಂದು ಹೇಳುವವರುಂಟು. 1766ರಲ್ಲಿ ಪ್ಯಾರಿಸ್ಸಿನಲ್ಲಿ ಶಿರಚ್ಛೇದಕ್ಕೆ ಗುರಿಯಾದವನು 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ರಣಾಂಗಣಕ್ಕೆ ಬಂದದ್ದೆಂತೆಂಬ ಸಂದೇಹ ಅವರನ್ನು ಬಾಧಿಸುವುದಿಲ್ಲ. ಈತ ಬೇರೆಯ ಲಾಲಿ. ಬಸಾಲತ್ ಜಂಗನ ಊಳಿಗವನ್ನು ಬಿಟ್ಟು ತನ್ನ ತುಕಡಿಯೊಡನೆ ಹೈದರಾಲಿಯನ್ನು ಸೇರಿದವನು.

ಅನ್ಯರಾಜನ ಸೇನೆಯನ್ನು ನಡೆಸುವುದು ಯೂರೋಪಿನ ಕುಲೀನರಿಗೆ ಅಪಮಾನವೆನಿಸಿರಲಿಲ್ಲ. ಜಿನೋವಾದ ಸ್ಪಿನೋಲ 1625ರಲ್ಲಿ ಬ್ರೆಡಾ ಕೋಟೆಯನ್ನು ಗೆದ್ದದ್ದು ಸ್ಪೇನಿನ ದೊರೆಗಾಗಿ. ಮೊಡೆನಾ ಸೀಮೆಯ ಮೊಂಟೆಕುಕ್ಕೊಲಿ 1664ರಲ್ಲಿ ತುರುಕರನ್ನು ಸೋಲಿಸಿದ್ದು ಆಸ್ಟ್ರಿಯದ ಚಕ್ರವರ್ತಿಗಾಗಿ. ಆದರೆ 1623ರಲ್ಲಿ ಇಕ್ಕೇರಿಗೆ ಬಂದ ರೋಮಿನ ಕುಲೀನ ಪಿಯೆತ್ರೊ ದೆಲ್ಲ ವಾಲ್ಲೆ ನಾಯಕರ ರಾಜಧಾನಿಯನ್ನು ಪತ್ರಗಳಲ್ಲಿ ವರ್ಣಿಸಿದನೇ ಹೊರತು ಊಳಿಗಕ್ಕೆ ನಿಲ್ಲಲಿಲ್ಲ.

ಹೈದರನ ಪಡೆಯ ಒಳಗಿನಿಂದ ಬರೆದವರಲ್ಲಿ ಪೋರ್ಚುಗೀಸ ಪೇಯ್ಶೋತೊ ಒಬ್ಬ. ಹೆಸರನ್ನು ಅಕ್ಷರಗಳಲ್ಲಿ ಮರೆಸಿಕೊಂಡು 1783ರಲ್ಲಿ ಪ್ಯಾರಿಸ್ಸಿನಲ್ಲಿ ಹೈದರನ ಚರಿತ್ರೆಯನ್ನು ಅಚ್ಚು ಹಾಕಿಸಿದ ಎಂ.ಎಂ.ಡಿ.ಎಲ್.ಟಿ. ಇನ್ನೊಬ್ಬ. ಮುಂದೆ ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸನು ಆಳವಾಗಿ ಶೋಧಿಸಿದರೂ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯ ಕಣ್ಣಿನಿಂದಲೇ ನೋಡಿದನು. ಇಂಥ ಪರದೇಶೀ ದಳಪತಿಗಳನ್ನೇ ಕುರಿತ 1892ರ ಕಾಂಪ್ಟನನ ಗ್ರಂಥದಲ್ಲಿ ಉತ್ತರದ ಡಿ ಬೋಯ್ನ್, ಪೆರಾನ್, ಥಾಮಸರಿಗೇ ಸ್ಥಳ ತುಂಬಿಹೋಗಿ, ದಕ್ಷಿಣಕ್ಕೆ ಪಂಕ್ತಿಯ ಕೊನೆಯೇ ಗತಿಯಾಯಿತು.

ನರೇಂದ್ರ ಕೃಷ್ಣ ಸಿಂಹರು 1941ರಲ್ಲಿ ಹೈದರನ ಚರಿತ್ರೆಯನ್ನೂ, ಹಯವದನರಾಯರು ಆ ದಶಕದಲ್ಲಿಯೇ ಮೈಸೂರಿನ ಮಹಾಚರಿತ್ರೆಯನ್ನೂ ಬರೆದ ಮೇಲೆ ಆಸ್ಥಾನದ ಚಿತ್ರ ಸ್ಪಷ್ಟವಾಯಿತು. ಅವರ ಋಣವನ್ನು ಮರೆಯದೆಯೇ ನಮ್ಮ ತಲೆಮಾರಿನ ಕೆಲವರು ಗ್ರಂಥಾಲಯವನ್ನು ಬಿಟ್ಟು ಊರಾಚೆ ನಡೆಯಲಾರಂಭಿಸಿದೆವು. ಈ ಕ್ಷೇತ್ರದರ್ಶನದ ಪದ್ಧತಿಯೇ ಹೆಚ್ಚು ಫಲದಾಯಕವೆಂಬ ನನ್ನ ಪಕ್ಷಪಾತವನ್ನು ಅಡಗಿಸಬೇಕಾಗಿಲ್ಲ. ವೈಟ್‌ಫೀಲ್ಡಿನ ಗಾಜಿನ ಸೌಧಗಳನ್ನು ದಾಟಿದರೆ ಸಿಗುವ ಹೊಸಕೋಟೆಯ ಬಯಲಿನಲ್ಲಿ, 1768ರ ಆಗಸ್ಟಿನ ಒಂದು ರಾತ್ರಿ, ಹೈದರನ ಪಡೆ ಕಂಪೆನಿಯ ಮಿತ್ರನಾದ ಮುರಾರಿರಾಯನ ಪಾಳೆಯದ ಮೇಲೆ ಬಿದ್ದು ಹಿಮ್ಮೆಟ್ಟಿತು. ಆ ವರ್ಷವೇ ಎಲೆಕ್ಟ್ರಾನಿಕ್ ಸಿಟಿಯ ಆಚೆಗೆ ಹೊಸೂರಿನ ನೆರವಿಗೆ ಹೊರಟ ಕಂಪೆನಿಯ ಕರ್ನಲ್ ವುಡ್, ಭಾರದ ತೋಪುಗಳನ್ನು ಬಾಗಲೂರಿನಲ್ಲಿ ಬಿಟ್ಟುಹೋದುದರಿಂದ, ಹೈದರನು ಅವನ್ನು ಹಿಡಿದು ಬೆಂಗಳೂರಿಗೆ ಸಾಗಿಸಿದನು. ತೋಪು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದೇ ಯುದ್ಧದ ಅರ್ಧಭಾಗವೆಂಬುದು ಆ ಹಾದಿಯನ್ನು ಕಾಲ್ನಡಿಗೆಯಲ್ಲಿ ಸವೆಸಿದವನಿಗೆ ಬೇಗ ತಿಳಿಯುತ್ತದೆ.

ಆದ್ದರಿಂದಲೇ ದಳಪತಿಗಳ ಜೀವನಚರಿತ್ರೆಯಲ್ಲಿ ಎತ್ತುಗಳ ಪ್ರಸ್ತಾಪವಿಲ್ಲದಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಅಮೃತಮಹಲಿನ ಎತ್ತುಗಳಿಂದಾಗಿ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿ ಚಿದಂಬರಕ್ಕೆ ನೆರವಾದನೆಂದು ಗ್ಯಾಸೆಟಿಯರು ಹೇಳುತ್ತದೆ. ಲಾಲಿಯಂಥವರ ಗುರಿ ಎಷ್ಟೇ ನಿಖರವಾಗಿದ್ದರೂ ತೋಪನ್ನೆಳೆದು ತಂದವರು ಇಲ್ಲಿಯವರು. ಅವರಿಗೆ ಸಂದ ಸಂಬಳವೆಷ್ಟು, ಪರಂಗಿ ಗೋಲಂದಾಜನಿಗೂ ಅವನ ಪಕ್ಕದಲ್ಲಿ ಮದ್ದು ತುಂಬಿದವನಿಗೂ ನಡುವೆ ಯಾವ ಭಾಷೆ ನಡೆಯುತ್ತಿತ್ತು, ಪಟೇಲರು ಮೇವನ್ನೊದಗಿಸಿದ್ದು ಯಾವ ಕರಾರಿನ ಮೇಲೆ ಎಂಬುವನ್ನು ಕೇಳಬೇಕಾದವರು ಇಂದಿಗೂ ಲಾಲಿಯ ವಂಶವೃಕ್ಷವನ್ನೇ ಹುಡುಕುತ್ತಿದ್ದಾರೆ. ಪೇಯ್ಶೋತೊನ ಸ್ಮರಣೆಗಳು ಪೋರ್ಚುಗೀಸಿನಿಂದ ನೇರವಾಗಿ ಕನ್ನಡಕ್ಕೆ ಬರಬೇಕು. ಜೊತೆಗೆ ಹೊಸಕೋಟೆ, ಆನೇಕಲ್ಲು ಸೀಮೆಗಳ ಶಾನುಭೋಗರ ಮನೆಗಳಲ್ಲಿ ಕಡತಗಳೇನಾದರೂ ಉಳಿದಿದ್ದರೆ, ಬಡಾವಣೆಗಳು ಆ ಮನೆಗಳನ್ನು ಕೆಡಹುವ ಮೊದಲೇ ಅವನ್ನು ಓದಿಸಬೇಕು.