ಕೈ ಹಿಡಿಯುವುದು, ಕೈ ಕಟ್ಟುವುದು

ನ್ಯೂಜಿಲೆಂಡಿನಲ್ಲಿ ಬೆಳೆದ ನಮ್ಮ ಮಕ್ಕಳ ಮದುವೆಗಳಲ್ಲಿ ಈಗೀಗ ಹೊಸದೊಂದು ಶಬ್ದ ಕೇಳಿಬರುತ್ತಿದೆ: ಹ್ಯಾಂಡ್‌ಫಾಸ್ಟಿಂಗ್. ವಧೂವರರು ಪರಸ್ಪರ ಕೈ ಹಿಡಿದು ನಿಲ್ಲುತ್ತಾರೆ. ಮದುವೆ ನಡೆಸಿಕೊಡುವವರು, ಇಲ್ಲವೆ ಮನೆಯ ಹಿರಿಯರು, ಆ ಕೈಗಳಿಗೆ ಬಣ್ಣದ ಹುರಿಯನ್ನೋ ರೇಷ್ಮೆಯ ಪಟ್ಟಿಯನ್ನೋ ಸುತ್ತಿ ಗಂಟು ಹಾಕುತ್ತಾರೆ. ಸ್ಕಾಟ್ಲೆಂಡ್ ಮೂಲದ ಎಷ್ಟೋ ಮನೆಗಳಲ್ಲಿ ಇದರ ಬಗ್ಗೆ ಅಭಿಮಾನವಿದೆ. ನಮಗೆ ಪರಿಚಯದ ಕನ್ನಡ ಕುಟುಂಬವೊಂದರ ಹುಡುಗಿಗೂ ಅಂಥ ಮನೆಯ ಹುಡುಗನಿಗೂ ಮದುವೆ ನಿಶ್ಚಯವಾದಾಗ, ಎರಡೂ ಕಡೆಯ ಶಾಸ್ತ್ರಗಳನ್ನು ಒಂದೇ ಮಧ್ಯಾಹ್ನದಲ್ಲಿ ಹೇಗೆ ಹೊಂದಿಸುವುದೆಂಬ ಚರ್ಚೆ ಸುಸೂತ್ರವಾಗಿಯೇ ಸಾಗಿತ್ತು. ಅಷ್ಟರಲ್ಲಿ ಯಾರೋ ಹುಡುಗಿಯ ಅಜ್ಜಿಗೆ, "ಅವರಲ್ಲಿ ಹೀಗೆ ಕೈ ಕಟ್ಟಿದರೆ ಅದು ಒಂದು ವರ್ಷ ಒಂದು ದಿನದ ಮಟ್ಟಿಗೆ ಮಾತ್ರವಂತೆ, ಹಿಡಿಸದಿದ್ದರೆ ಬಿಟ್ಟುಹೋಗಬಹುದಂತೆ" ಎಂದು ಹೇಳಿಬಿಟ್ಟರು. ಅಜ್ಜಿ ಊಟ ಬಿಟ್ಟರೆನ್ನಲಾರೆ, ಮಾತು ಬಿಟ್ಟರು. ನನ್ನ ಉದ್ಯೋಗ ರಸಾಯನಶಾಸ್ತ್ರವಾದರೂ ಇತಿಹಾಸ ಓದುವ ಚಟವುಂಟೆಂದು ಬಲ್ಲ ಆ ಮನೆಯವರು, ಇದು ನಿಜವೇ ಎಂದು ಕೇಳಿದರು. ಅವರಿಗೆ ಹೇಳಿದ್ದು ಇತರ ಸದಸ್ಯರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಬ್ದದ ಮಾತು. ಹ್ಯಾಂಡ್‌ಫಾಸ್ಟಿಂಗ್ ಎಂಬುದಕ್ಕೆ ಹುರಿಯಿಂದ ಕೈ ಬಿಗಿಯುವ ಅರ್ಥ ಮೂಲದಲ್ಲಿ ಇರಲಿಲ್ಲ. ಪ್ರಾಚೀನ ನಾರ್ಸ್ ಭಾಷೆಯ 'ಹಂಡ್‌ಫೆಸ್ತ' ಎಂದರೆ ಕೈಗೆ ಕೈ ಕೊಟ್ಟು ಕರಾರನ್ನು ಗಟ್ಟಿಮಾಡುವುದು. ನಮ್ಮಲ್ಲಿ ದನದ ವ್ಯಾಪಾರ ಕುದುರಿದಾಗ ಕೈಯ ಮೇಲೆ ಕೈಯಿಟ್ಟು ಮಾತು ಮುಗಿಸುವುದಿಲ್ಲವೇ, ಹಾಗೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಅದು ಮದುವೆಯ ನಿಶ್ಚಿತಾರ್ಥಕ್ಕೆ ಹೆಸರಾಯಿತು. ಹನ್ನೆರಡನೆಯ ಶತಮಾನದಿಂದ ಬೆಳೆದುಬಂದ ಚರ್ಚಿನ ಕಾನೂನಿನಂತೆ, ಗಂಡುಹೆಣ್ಣು "ಈಗ ನಿನ್ನನ್ನು ಸ್ವೀಕರಿಸುತ್ತೇನೆ" ಎಂದು ವರ್ತಮಾನಕಾಲದಲ್ಲಿ ಹೇಳಿಕೊಂಡರೆ ಆ ಕ್ಷಣವೇ ಮದುವೆ ಆದಂತೆ. "ಮುಂದೆ ಸ್ವೀಕರಿಸುವೆ" ಎಂದು ಹೇಳಿ ಆಮೇಲೆ ದಾಂಪತ್ಯ ನಡೆಸಿದರೂ ಮದುವೆಯೇ. ಪಾದ್ರಿ ಇರಬೇಕೆಂಬ ಕಟ್ಟು ಇರಲಿಲ್ಲ. ಒಂದು ಕ್ರಿಯಾಪದದ ಕಾಲದ ಮೇಲೆ ಸಂಸಾರ ನಿಂತಿತ್ತು ಎಂದರೆ ವ್ಯಾಕರಣದ ಮೇಷ್ಟರಿಗೆ ಸಂತೋಷವಾದೀತು! ಕ್ಯಾಥೊಲಿಕ್ ದೇಶಗಳಲ್ಲಿ ಟ್ರೆಂಟ್ ಮಹಾಸಭೆ 1563ರಲ್ಲಿ ಪಾದ್ರಿಯ ಸಾನ್ನಿಧ್ಯವನ್ನು ಕಡ್ಡಾಯ ಮಾಡಿತು. ಇಂಗ್ಲೆಂಡು 1753ರ ಶಾಸನದಿಂದ ಬಿಗಿಮಾಡಿತು. ಸ್ಕಾಟ್ಲೆಂಡು ಮಾತ್ರ ಹಳೆಯ ನಿಯಮವನ್ನು ಬಿಡಲಿಲ್ಲ. ಇಂಗ್ಲೆಂಡಿನ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದುದು ಇದೇ ಕಾರಣಕ್ಕೆ. ಸಾಕ್ಷಿಗಳ ಮುಂದೆ ಬಾಯಿಮಾತಿನಲ್ಲಿ ಆಗುವ ಈ ಮದುವೆಗಳು ಅಲ್ಲಿ ನಿಂತದ್ದು 1939ರ ಕಾಯಿದೆ ಜಾರಿಗೆ ಬಂದ 1940ರಲ್ಲಿ.

ಹಾಗಾದರೆ 'ಒಂದು ವರ್ಷ ಒಂದು ದಿನ' ಎಲ್ಲಿಂದ ಬಂತು? ಮಾರ್ಟಿನ್ ಮಾರ್ಟಿನ್ ಎಂಬ ಲೇಖಕ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಬಗ್ಗೆ 1703ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವರ್ಷದ ಮಟ್ಟಿಗೆ ಹೆಣ್ಣನ್ನು ಇಟ್ಟುಕೊಳ್ಳುವ ಪದ್ಧತಿ ಹಿಂದೆ ಇತ್ತೆಂದು ಬರೆದ. ಟಾಮಸ್ ಪೆನೆಂಟ್ ಎಂಬ ಪ್ರವಾಸಿ 1772ರ ತನ್ನ ಪ್ರವಾಸದ ವರದಿಯಲ್ಲಿ, ಎಸ್ಕ್‌ಡೇಲ್ ಜಾತ್ರೆಯಲ್ಲಿ ಯುವಕ ಯುವತಿಯರು ಹೀಗೆ ಜೋಡಿಯಾಗಿ ಮುಂದಿನ ಜಾತ್ರೆಯವರೆಗೆ ಬಾಳುತ್ತಿದ್ದರೆಂಬ ಕತೆಯನ್ನು ಸೇರಿಸಿದ. ಇಬ್ಬರೂ ಬರೆದದ್ದು ಕಂಡದ್ದನ್ನಲ್ಲ, 'ಹಿಂದೆ ಹೀಗಿತ್ತಂತೆ' ಎಂಬುದನ್ನು. ಸರ್ ವಾಲ್ಟರ್ ಸ್ಕಾಟ್ 1820ರಲ್ಲಿ ಬರೆದ 'ದಿ ಮೊನಾಸ್ಟರಿ' ಕಾದಂಬರಿಯಲ್ಲಿ ಇದು ಬಂದ ಮೇಲೆ ಕೇಳಬೇಕೆ? ಎಲ್ಲರ ಮನೆಮಾತಾಯಿತು. 1958ರಲ್ಲಿ ಎ. ಇ. ಆಂಟನ್ ಎಂಬ ಕಾನೂನು ವಿದ್ವಾಂಸರು ಹಳೆಯ ದಾಖಲೆಗಳನ್ನು ಜಾಲಾಡಿ, ಹ್ಯಾಂಡ್‌ಫಾಸ್ಟಿಂಗ್ ಎಂದರೆ ನಿಶ್ಚಿತಾರ್ಥವೇ ಹೊರತು ಪರೀಕ್ಷಾರ್ಥ ವಿವಾಹವಲ್ಲ, ನಂತರದವರು ತಪ್ಪು ತಿಳಿದರು ಎಂದು ವಾದಿಸಿದರು. ಗೇಲಿಕ್ ಕುಲಗಳಲ್ಲಿ ಚರ್ಚಿನ ನಿಯಮಕ್ಕೆ ಸಿಗದ ಸಡಿಲ ಸಂಬಂಧಗಳು ಇದ್ದುವೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಇದ್ದರೂ ಇರಲಿ, ಇಂದಿನ ಹುರಿಯ ಶಾಸ್ತ್ರಕ್ಕೂ ಅದಕ್ಕೂ ನೇರ ನಂಟಿಲ್ಲ. ಕೆಲವು ಚರ್ಚುಗಳಲ್ಲಿ ಪಾದ್ರಿ ತನ್ನ ಸ್ಟೋಲನ್ನು ದಂಪತಿಗಳ ಕೈಗೆ ಸುತ್ತುವ ರೂಢಿಯುಂಟು. ಆದರೆ ಬಣ್ಣಬಣ್ಣದ ಹುರಿ, ಬಣ್ಣಕ್ಕೊಂದು ಅರ್ಥ, ಇವು 1960, 70ರ ದಶಕಗಳಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ನವ-ಪೇಗನ್ ಪಂಥಗಳಿಂದ ಹರಡಿದವು. 1995ರ 'ಬ್ರೇವ್‌ಹಾರ್ಟ್' ಚಿತ್ರ ಉಳಿದದ್ದನ್ನು ಮಾಡಿತು.

ಡುನೀಡಿನ್ನಿಗೆ 1848ರಲ್ಲಿ ಜಾನ್ ವಿಕ್ಲಿಫ್, ಫಿಲಿಪ್ ಲೈಂಗ್ ಹಡಗುಗಳಲ್ಲಿ ಬಂದಿಳಿದ ವಲಸಿಗರ ಮುಂದಾಳುಗಳು ಫ್ರೀ ಚರ್ಚಿನ ಕಟ್ಟಾ ಪ್ರೆಸ್ಬಿಟೇರಿಯನ್ನರು. ಬಣ್ಣದ ಹುರಿ ಕಂಡರೆ ಅವರು ಹುಬ್ಬು ಗಂಟಿಕ್ಕುತ್ತಿದ್ದರೆಂದು ನನ್ನ ಊಹೆ. ಈ ದೇಶದಲ್ಲಿ ಪಾದ್ರಿಯೂ ಅಲ್ಲದ, ಸರಕಾರದ ರಿಜಿಸ್ಟ್ರಾರೂ ಅಲ್ಲದ ಸ್ವತಂತ್ರ ಸೆಲೆಬ್ರೆಂಟರಿಗೆ ಅವಕಾಶವಾದದ್ದು 1976ರ ತಿದ್ದುಪಡಿಯಿಂದ. ತೋಟದಲ್ಲಿ, ಸಮುದ್ರತೀರದಲ್ಲಿ, ತಮಗೆ ಬೇಕಾದ ಶಾಸ್ತ್ರ ಸೇರಿಸಿ ಮದುವೆಯಾಗುವ ರೂಢಿ ಬೆಳೆದದ್ದು ಅದರ ನೆರಳಿನಲ್ಲಿ. ಹುರಿ ಕಟ್ಟುವುದೂ ಹಾಗೆಯೇ ಬೇರೂರಿತು.

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ 'ಕೈ ಹಿಡಿದವಳು' ಎಂದರೆ ಹೆಂಡತಿ. ಬೇರೆ ವಿವರಣೆ ಬೇಡ. 'ಕೈ ಕಟ್ಟಿಹಾಕುವುದು' ಎಂದರೆ ಮಾತ್ರ ಏನೂ ಮಾಡದಂತೆ ತಡೆಯುವುದು. ಅಜ್ಜಿಗೆ ಮೊದಲೇ ಈ ಶಾಸ್ತ್ರ ಹಿಡಿಸದಿರಲು ಈ ನುಡಿಗಟ್ಟೂ ಅರ್ಧ ಕಾರಣವಿರಬೇಕು. ಋಗ್ವೇದದ ಹತ್ತನೆಯ ಮಂಡಲದ 85ನೆಯ ಸೂಕ್ತದಲ್ಲಿ, ಸೌಭಾಗ್ಯಕ್ಕಾಗಿ ನಿನ್ನ ಕೈ ಹಿಡಿಯುತ್ತೇನೆಂದು ವರನು ಹೇಳುವ ಮಂತ್ರವಿದೆ. ಪಾಣಿಗ್ರಹಣಕ್ಕೆ ಇಂದಿಗೂ ಅದೇ. ಆಶ್ವಲಾಯನ ಗೃಹ್ಯಸೂತ್ರ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತದೆ: ಹೆಬ್ಬೆರಳನ್ನು ಮಾತ್ರ ಹಿಡಿದರೆ ಗಂಡುಮಕ್ಕಳು, ಉಳಿದ ಬೆರಳುಗಳನ್ನು ಹಿಡಿದರೆ ಹೆಣ್ಣುಮಕ್ಕಳು, ಎರಡೂ ಬೇಕಾದವನು ಪೂರ್ತಿ ಕೈ ಹಿಡಿಯಬೇಕು. ರೋಮನರಲ್ಲೂ ದಂಪತಿಗಳು ಬಲಗೈ ಹಿಡಿದು ನಿಂತ ಶಿಲ್ಪಗಳಿವೆ. ಎಲ್ಲೋರದ ಶಿವಪಾರ್ವತಿಯರ ಕಲ್ಯಾಣದಲ್ಲೂ ಹಿಡಿದ ಕೈಯೇ ಕೇಂದ್ರ.

ಕೈ ಕಟ್ಟುವುದು ನಮ್ಮಲ್ಲಿಲ್ಲ, ಆದರೆ ಕೈಗೆ ಕಟ್ಟುವುದುಂಟು. ಅರಿಸಿನದ ಕೊಂಬನ್ನು ದಾರಕ್ಕೆ ಪೋಣಿಸಿ ಇಬ್ಬರ ಮಣಿಕಟ್ಟಿಗೂ ಬೇರೆಬೇರೆಯಾಗಿ ಕಟ್ಟುವ ಕಂಕಣ, ಹಿಡಿದ ಕೆಲಸ ಮುಗಿಯುವವರೆಗೆ ಬಿಡೆನೆಂಬ ದೀಕ್ಷೆಯ ಗುರುತು. ಅದರಿಂದಲೇ 'ಕಂಕಣಬದ್ಧ' ಎಂಬ ಮಾತು. ಉತ್ತರ ಕರ್ನಾಟಕದಲ್ಲಿ ಸುರಗಿ ಸುತ್ತುವಾಗ ತಂಬಿಗೆಗಳಿಗೆ ಸುತ್ತಿದ ನೂಲನ್ನೇ ತೆಗೆದು ಕಂಕಣ ಮಾಡುತ್ತಾರೆ. ಇಬ್ಬರನ್ನೂ ಸೇರಿಸಿ ಹಾಕುವ ಗಂಟು ಬಟ್ಟೆಗೆ: ಸೆರಗಿಗೂ ಶಲ್ಯಕ್ಕೂ. ಇನ್ನು ತುಳುನಾಡಿನಲ್ಲಿ ಮದುವೆಯ ಜೀವಾಳವೇ ಧಾರೆ. ವರನ ಕೈಯೊಂದಿಗೆ ವಧುವಿನ ಕೈ ಸೇರಿಸಿ ಹಿರಿಯರು ಗಿಂಡಿಯಿಂದ ನೀರೆರೆಯುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲೂ ಬಂಟರ ಮದುವೆಯ ಮುಖ್ಯ ವಿಧಿಯೆಂದು ಇದರ ವರ್ಣನೆಯಿದೆ. ನನ್ನ ಮಟ್ಟಿಗೆ ಹ್ಯಾಂಡ್‌ಫಾಸ್ಟಿಂಗಿಗೆ ಹತ್ತಿರದ ನೆಂಟ ತಾಳಿಯಲ್ಲ, ಈ ಧಾರೆ: ಹಿಡಿದ ಎರಡು ಕೈ, ಅದರ ಮೇಲೆ ಹಿರಿಯರ ಕೈ, ಸುತ್ತ ಸಾಕ್ಷಿಗಳು.

ಇದನ್ನೆಲ್ಲ ಕಲಸುವುದು ಶಾಸ್ತ್ರಸಮ್ಮತವೇ ಎಂದು ಕೇಳುವವರಿಗೆ ಹೇಳಬಹುದಾದದ್ದಿಷ್ಟು. ಅದೇ ಆಶ್ವಲಾಯನ, ವಿವಾಹವಿಧಿಯನ್ನು ಆರಂಭಿಸುವಾಗಲೇ, ದೇಶಕ್ಕೊಂದು ಊರಿಗೊಂದು ಪದ್ಧತಿ ಇರುತ್ತದೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎನ್ನುತ್ತಾನೆ. ಆಪಸ್ತಂಬನಂತೂ ಏನೇನು ಮಾಡಬೇಕೆಂದು ಹೆಂಗಸರನ್ನು ಕೇಳಿ ತಿಳಿಯಿರಿ ಎಂದಿದ್ದಾನೆ. ತೀರ ಈಚಿನ ಉದಾಹರಣೆ ಬೇಕಾದರೆ, ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ತಾವೇ ರೂಪಿಸಿದ ಮಂತ್ರಮಾಂಗಲ್ಯದಿಂದ ಕುಪ್ಪಳಿಯಲ್ಲಿ ನಡೆಸಿದರು. ಅದೀಗ ಎಷ್ಟೋ ಮನೆಗಳಲ್ಲಿ ಸಂಪ್ರದಾಯವೇ ಆಗಿದೆ.

ಕಾನೂನಿನ ಲೆಕ್ಕವೇ ಬೇರೆ. ಭಾರತದ ಹಿಂದೂ ವಿವಾಹ ಕಾಯಿದೆ, ನ್ಯೂಜಿಲೆಂಡಿನ ವಿವಾಹ ಕಾಯಿದೆ ಎರಡೂ 1955ರವು. ಅದು ಯಾವುದಾದರೊಂದು ಪಕ್ಷದ ರೂಢಿಯ ವಿಧಿಗಳನ್ನು ಕೇಳುತ್ತದೆ; ಸಪ್ತಪದಿ ಇದ್ದಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಇದು ಕೇಳುವುದು ಮಾತನ್ನು: ಇಂಥವರನ್ನು ಕಾನೂನುಬದ್ಧ ಪತಿಯಾಗಿ ಅಥವಾ ಪತ್ನಿಯಾಗಿ ಸ್ವೀಕರಿಸುತ್ತೇನೆಂದು, ಇಲ್ಲವೆ ಅದೇ ಅರ್ಥದಲ್ಲಿ, ಪ್ರತಿಯೊಬ್ಬರೂ ಸೆಲೆಬ್ರೆಂಟ್ ಹಾಗೂ ಇಬ್ಬರು ಸಾಕ್ಷಿಗಳೆದುರು ಹೇಳಬೇಕು. ಹುರಿಯಾಗಲಿ ಧಾರೆಯಾಗಲಿ ಇಲ್ಲಿಯ ಕಾನೂನಿಗೆ ಬೇಡ. ಆ ಮಾತು ಮತ್ತು ರುಜು ಮಾತ್ರ ತಪ್ಪಬಾರದು. ಒಂದು ವರ್ಷದ ಮದುವೆ ಎಂಬುದಕ್ಕಂತೂ ಈ ಕಾಯಿದೆಯಲ್ಲಿ ಜಾಗವೇ ಇಲ್ಲ.

ಹೀಗಾಗಿ ಆ ಮನೆಯವರಿಗೆ ನಾನು ಸೂಚಿಸಿದ ಕ್ರಮ ಹೀಗಿದೆ. ಬೆಳಿಗ್ಗೆ ಇಬ್ಬರಿಗೂ ಕಂಕಣ. ಮಧ್ಯಾಹ್ನ ಸಭೆಯಲ್ಲಿ ಮೊದಲು ವರ ಕೈ ಹಿಡಿಯಲಿ, ಬಿಡಲಿ. ಆಮೇಲೆ ವಧು ತಾನಾಗಿ ಅವನ ಕೈ ಹಿಡಿಯಲಿ. ಇದು ನನ್ನ ಕಲ್ಪನೆಯಲ್ಲ. 1549ರ ಇಂಗ್ಲೆಂಡಿನ ಪ್ರಾರ್ಥನಾ ಗ್ರಂಥದಲ್ಲಿ ಹೀಗೆಯೇ ಇದೆ, ನಮ್ಮ ಪಾಣಿಗ್ರಹಣದಲ್ಲಿಲ್ಲದ ಒಂದು ಚೆಲುವು. ಹಿಡಿದ ಕೈಗಳ ಮೇಲೆ ನಾಲ್ವರು ತಂದೆತಾಯಿಯರೂ ಅಜ್ಜಿಯೂ ಧಾರೆಯೆರೆದ ಮೇಲೆ ಕೈ ಒರೆಸಿ, ಕಾನೂನಿನ ಮಾತು, ಕೊನೆಗೆ ಹುರಿ. ಧಾರೆಗೆ ಮುಂಚೆ ಹುರಿ ಕಟ್ಟಿದರೆ ಒದ್ದೆಯಾದ ಕಂಕಣದ ಹಳದಿಯೆಲ್ಲ ಅವರ ಬಿಳಿ ರೇಷ್ಮೆಗೆ ಹತ್ತುತ್ತದೆ. ಅದನ್ನು ಸಾಬೂನಿನಿಂದ ತೊಳೆಯಹೋದರೆ ಕೆಂಪಗಾಗುವುದು ಖಂಡಿತ; ಅರಿಸಿನಕ್ಕೆ ಸುಣ್ಣ ಬೆರೆಸಿದಾಗ ಆರತಿಯ ನೀರು ಕೆಂಪಾಗುವುದೂ ಇದೇ ಕ್ಷಾರಗುಣದಿಂದ. ಅರಿಸಿನದ ಕೊಂಬು, ಮಾವಿನೆಲೆಗಳನ್ನು ಊರಿನಿಂದ ಪೆಟ್ಟಿಗೆಯಲ್ಲಿ ಅಡಗಿಸಿ ತರಬೇಡಿ. ವಿಮಾನ ನಿಲ್ದಾಣದಲ್ಲಿ ಘೋಷಿಸದಿದ್ದರೆ 400 ಡಾಲರ್ ದಂಡ ಸ್ಥಳದಲ್ಲೇ ಬೀಳುತ್ತದೆ.

ಉಳಿದದ್ದು ಬಿಡಿಸುವ ವಿಷಯ. ಕಂಕಣವನ್ನು ನಮ್ಮಲ್ಲಿ ಮದುವೆಯ ವಿಧಿಗಳು ಮುಗಿದ ಮೇಲೆ ಬಿಚ್ಚುತ್ತೇವೆ. ಅವರ ಹುರಿಯನ್ನು ಗಂಟು ಬಿಚ್ಚದೆ, ಕೈಗಳನ್ನು ಮೆಲ್ಲಗೆ ಜಾರಿಸಿಕೊಂಡು, ಗಂಟು ಇದ್ದಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಈಗಿನ ರೂಢಿ. ಇದನ್ನು ಅಜ್ಜಿಗೆ ಹೇಳಿದಾಗ, ಹಾಗಾದರೆ ಸಡಿಲವಾಗಿ ಸುತ್ತಬೇಕು, ಅದನ್ನು ತಾನೇ ಸುತ್ತುತ್ತೇನೆ ಎಂದರು.